ಅತ್ತೆಯ ಮರಿ

ನನಗೆ ಸವತಿಯಿಲ್ಲ, ವಾರಗಿತ್ತಿಯೂ ಇಲ್ಲ. ಆದರೂ ಈ ಮನೆಗೆ ಬಂದಾಗಿನಿಂದ ಹೊಟ್ಟೆಕಿಚ್ಚಿಗೆ ಬರವಿಲ್ಲ. ಕಾರಣ, ಅಂಗೈಯಗಲದ ಒಂದು ಹಿತ್ತಾಳೆಯ ಬಾಲಕೃಷ್ಣ. ಅತ್ತೆ ಅವನನ್ನು ಮರಿ ಎನ್ನುತ್ತಾರೆ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ, ಹಾಲು ಆರಿದೆಯೇ ಎಂದು ನೋಡಿ ನೈವೇದ್ಯ, ಮಧ್ಯಾಹ್ನ ತೊಟ್ಟಿಲು. ಕಂದ, ಹಸಿವಾಯಿತೇ ಎಂದು ಅವನನ್ನು ಕೇಳುವ ಬಾಯಿ, ಉಂಡೆಯಾ ಎಂದು ನನ್ನನ್ನು ಒಂದು ದಿನವೂ ಕೇಳಿದ್ದಿಲ್ಲ. ನಾನು ತಾಯಿಯಿಲ್ಲದೆ ಬೆಳೆದವಳು. ಅತ್ತೆಯಲ್ಲಾದರೂ ತಾಯಿ ಸಿಕ್ಕಾಳು ಎಂದು ಆಸೆಪಟ್ಟು ಬಂದಿದ್ದೆ.

ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು. ಗಿರಾಕಿಗಳ ರವಿಕೆ ಪಕ್ಕಕ್ಕಿಟ್ಟು ಅವನಿಗೆ ಅಂಗಿ ಹೊಲಿಯಬೇಕು. ಹೊಲಿದುಕೊಟ್ಟರೆ ಅತ್ತೆ ಕೊರಳಿನ ಒಳಗೆ ಬೆರಳಾಡಿಸಿ, ಮರಿಗೆ ಚುಚ್ಚುತ್ತದೆ ಎಂದು ವಾಪಸ್ಸು ಕೊಡುವರು. ಹಿತ್ತಾಳೆಗೆ ಚುಚ್ಚುವುದಂತೆ! ಗಂಡನ ಹತ್ತಿರ ಗೊಣಗಿದರೆ, ದೇವರ ಜೊತೆ ಪೈಪೋಟಿಗಿಳಿದವಳು ನೀನೊಬ್ಬಳೇ ಎಂದು ನಗುತ್ತಿದ್ದರು.

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಕೈಗೆ ಪ್ಲಾಸ್ಟರ್ ಬಿತ್ತು, ಮರಿಯ ಸೇವೆ ನನ್ನ ತಲೆಗೆ ಬಿತ್ತು. ಮೊದಮೊದಲು ಪಾತ್ರೆ ತೊಳೆದ ಹಾಗೆ ಅವನನ್ನು ತೊಳೆದೆ. ಕಿವಿ ಒರೆಸು, ನೀರು ಸುಡದಿರಲಿ ಎಂದು ಅತ್ತೆ ಮಂಚದಿಂದಲೇ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಹೊಸ ಅಂಗಿ ತೊಡಿಸುವ ಮುಂಚೆ ನನ್ನ ಬೆರಳು ತಾನಾಗಿ ಅದರ ಕೊರಳೊಳಗೆ ಹೋಯಿತು. ಹೊಲಿಗೆ ನಿಜವಾಗಿಯೂ ಒರಟಾಗಿತ್ತು. ಲೋಹಕ್ಕೆ ನೋವಿಲ್ಲವೆಂದು ನನಗೇನು ಗೊತ್ತಿರಲಿಲ್ಲವೇ? ಆದರೂ ಮನಸ್ಸು ತಡೆಯಲಿಲ್ಲ. ಗಿರಾಕಿಯನ್ನು ಬಾಗಿಲಲ್ಲಿ ಕಾಯಿಸಿ, ಬಿಚ್ಚಿ, ಅಂಚು ಮಡಿಸಿ ಮತ್ತೆ ಹೊಲಿದೆ.

ಆಮೇಲೆ ಎದ್ದ ಕೂಡಲೇ ಅವನ ಮುಖವೇ ಬೇಕಾಯಿತು. ಮೈ ಒರೆಸುತ್ತಾ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದೆ. ಅವನೂ ನಗುತ್ತಿದ್ದ, ಆದರೆ ನನ್ನ ಗಂಡ ನಗುವ ಹಾಗಲ್ಲ. ಈಗ ಅತ್ತೆ ಮಂಚದಿಂದ ಬಾಯಿ ಹಾಕಿದರೆ ಮೈ ಉರಿಯುತ್ತಿತ್ತು. ನನ್ನ ಮರಿಗೆ ಎಷ್ಟು ಬಿಸಿ ಬೇಕೆಂದು ಇವರು ಹೇಳಿಕೊಡಬೇಕೇ?

ಪ್ಲಾಸ್ಟರ್ ಬಿಚ್ಚಿದ ದಿನ ಅತ್ತೆ ಆಸ್ಪತ್ರೆಯಿಂದ ಬಂದವರೇ ಕೈಕಾಲು ತೊಳೆದು ದೇವರ ಕೋಣೆಗೆ ನಡೆದರು. ನಾನು ತೊಟ್ಟಿಲು ತೂಗುತ್ತಿದ್ದೆ. ಅವರು ನನ್ನನ್ನು ನೋಡಿದರು, ತೊಟ್ಟಿಲನ್ನು ನೋಡಿದರು. ದನಿ ಎಂದಿಲ್ಲದಷ್ಟು ಮೆತ್ತಗಾಯಿತು.

"ಊಟ ಮಾಡಿದ್ಯೇನಮ್ಮ? ಪಾಪ, ನಿಂಗೂ ಸಾಕಾಗಿದೆ. ಹೋಗು, ಉಣ್ಣು. ಇನ್ಮೇಲೆ ನಾನು ನೋಡ್ಕೋತೀನಿ."

ಇಷ್ಟು ವರ್ಷ ಕಾದಿದ್ದ ಮಾತು. ಅದೀಗ ನನಗೆ ಲಂಚದ ಹಾಗೆ ಕೇಳಿಸಿತು.

"ಈಗಷ್ಟೇ ನಿದ್ದೆ ಹತ್ತಿದೆ ಅತ್ತೆ, ಎಬ್ಬಿಸ್ಬೇಡಿ" ಎಂದೆ.

ಅವರ ಮುಖ ಸಣ್ಣದಾಯಿತು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಹೊಸ್ತಿಲಲ್ಲೇ ನಿಂತರು. ಅವರ ಹೊಟ್ಟೆಯಲ್ಲಿ ಏನಾಗುತ್ತಿದೆಯೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ನಾನು ತೊಟ್ಟಿಲಿನ ಹಗ್ಗ ಬಿಡಲಿಲ್ಲ.