ಎಣ್ಣೆ ಹರಿಯದ ಗರಗಸ

ಅಡುಗೆಮನೆಯ ಮೂಲೆಯಲ್ಲಿ, ಗೋಡೆಗೆ ಒತ್ತಿಟ್ಟ ತಗ್ಗು ಬೆಂಚಿನ ಮೇಲೆ, ಮರ ಕೊಯ್ಯುವ ಮಷಿನು ಮಲಗಿದೆ. ಹಿಡಿಕೆಯ ಸುತ್ತ ಅದರ ಕಿತ್ತಳೆ ಬಣ್ಣ ಸವೆದುಹೋಗಿದೆ. ಚೈನು ಓಡುವ ಉದ್ದನೆಯ ಉಕ್ಕಿನ ಪಟ್ಟಿ ಬೆಂಚಿನಿಂದ ಹೊರಚಾಚಿದೆ; ಅದರ ಅಂಚು ಬೆಂಕಿಗೆ ಹಿಡಿದಂತೆ ನೀಲಿಗಟ್ಟಿದೆ. ಪಟ್ಟಿಯ ಮೇಲೆ ಚೈನಿಲ್ಲ. ಕಿಟಕಿಯ ಬೆಳಕು ಅಲ್ಲಿಯವರೆಗೆ ಬಂದು, ಮುಂದೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತಿದೆ. ಕೆಳಗಿನ ನೆಲ ಮಾತ್ರ ಚೊಕ್ಕಟವಾಗಿದೆ. ಒಂದು ಹನಿ ಎಣ್ಣೆಯೂ ಬಿದ್ದಿಲ್ಲ.

ಆ ಮನೆಯಲ್ಲಿ ಇದ್ದವರು ಮರ ಕೊಯ್ಯುವ ಅಣ್ಣ, ಅವನ ಹೆಂಡತಿ ಮತ್ತು ಅವನ ತಮ್ಮ. ತಮ್ಮ ಬಾಯ್ತುಂಬ ಅತ್ತಿಗೆ, ಅತ್ತಿಗೆ ಎಂದು ಕರೆದು ಕರೆದು, ಅವಳು ಇಡೀ ಬೀದಿಗೇ ಅತ್ತಿಗೆಯಾಗಿದ್ದಳು. ಹೊರಗಿಟ್ಟರೆ ಕಳ್ಳರ ಪಾಲಾದೀತೆಂದು ಮಷಿನನ್ನು ಒಳಗೇ ಇಡುತ್ತಿದ್ದರು. ಅದು ಹಳೆಯ ಮಷಿನು. ಇಟ್ಟಲ್ಲೆಲ್ಲ ಎಣ್ಣೆ ಸೋರುತ್ತಿತ್ತು. ಉಜ್ಜಿ ಉಜ್ಜಿ ಅತ್ತಿಗೆಯ ಕೈ ಸೋತಿತ್ತು. ಆಮೇಲೆ ಒಂದು ದಿನ ಸೋರುವುದು ನಿಂತಿತು. ಯಾರೂ ಏಕೆಂದು ಕೇಳಲಿಲ್ಲ.

ಚಳಿ ಕಳೆಯುವ ಹೊತ್ತಿಗೆ, ಗಾಳಿಗೆ ಉರುಳಿದ ಮರವೊಂದನ್ನು ತುಂಡರಿಸುತ್ತಿದ್ದಾಗ ಚೈನು ತುಂಡಾಗಿ ತಮ್ಮನ ತೊಡೆಗೆ ಬಡಿಯಿತು. ಗಾಯವೇನೋ ಮಾಯಿತು; ಮಂಡಿ ಮಡಚಲಿಲ್ಲ. ಅವನು ಮಷಿನನ್ನು ಮರಕ್ಕೆ ಬಲವಾಗಿ ಒತ್ತಿದ್ದೇ ಕಾರಣವೆಂದು ಅಣ್ಣ ಅಂದ. ತಮ್ಮ ಎದುರಾಡಲಿಲ್ಲ, ಇದ್ದರೂ ಇರಬಹುದೆಂದು ಅವನೂ ನಂಬಿದ. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಉಪ್ಪು ಬೇಕಾದರೂ ಅತ್ತಿಗೆಯ ಮೂಲಕವೇ ಹೇಳಿ ಕಳಿಸುತ್ತಿದ್ದರು. ನಾನೇನು ನಿಮ್ಮಿಬ್ಬರ ಟೆಲಿಫೋನಾ ಎಂದು ಅವಳು ಒಮ್ಮೆ ಕೇಳಿದಳು.

ಈಗ ತಮ್ಮನಿಗೆ ದೂರದ ಗೋದಾಮಿನಲ್ಲಿ ಕೂತು ಮಾಡುವ ಕಾವಲು ಕೆಲಸ ಸಿಕ್ಕಿತ್ತು. ಒಳಕೋಣೆಯಲ್ಲಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದ. ಅಣ್ಣ ಒಬ್ಬನೇ ಮರುದಿನದ ಕೆಲಸ ಒಪ್ಪಿಕೊಂಡು ಹೊಸ ಚೈನು ತಂದಿದ್ದ. ಇದೂ ತುಂಡಾದರೆ ಗತಿಯೇನೆಂಬ ಭಯ ಅತ್ತಿಗೆಯನ್ನು ಬೀದಿ ತಿರುವಿನ ರಿಪೇರಿ ಅಂಗಡಿಗೆ ನಡೆಸಿತು. ಎಲ್ಲರೂ ಸ್ಪ್ಯಾನರ್ ಮಾಮ ಎಂದು ಕರೆಯುವ ಅಂಗಡಿಯ ಮುದುಕನನ್ನು ಅವಳು ಕರೆತಂದಳು.

"ನೀನು ಚೈನು ಹಾಕ್ಕೊಡು ಮಾಮ, ಸಾಕು," ಎಂದ ಅಣ್ಣ. "ಮಷಿನಿಗೆ ವಯಸ್ಸಾಯ್ತು, ಅಷ್ಟೇ. ನನಗೂ ಆಯ್ತು."

ಮಾಮ ನೀಲಿಗಟ್ಟಿದ ಪಟ್ಟಿಯ ಮೇಲೆ ಬೆರಳಾಡಿಸಿದ. "ವಯಸ್ಸಲ್ಲಪ್ಪ, ಉಪವಾಸ. ಇದಕ್ಕೆ ಎಣ್ಣೆನೇ ಸಿಕ್ಕಿಲ್ಲ."

ಅಣ್ಣ ಒಪ್ಪಲಿಲ್ಲ. ಚೈನು ಒಣಗಿ ಹೊಗೆ ಬರುತ್ತಿದೆಯೆಂದು ತಾನು ಪೆಟ್ರೋಲಿಗೆ ಟೂ-ಟಿ ಆಯಿಲನ್ನು ದುಪ್ಪಟ್ಟು ಸುರಿಯುತ್ತಿದ್ದುದಾಗಿ ಹೇಳಿದ.

"ಕಿವಿ ನೋವು ಅಂತ ಕಣ್ಣಿಗೆ ಔಷಧಿ ಬಿಟ್ಟಿದೀಯ," ಎಂದ ಮಾಮ. ಪೆಟ್ರೋಲಿಗೆ ಬೆರೆಸುವ ಎಣ್ಣೆ ಇಂಜಿನ್ನಿಗೆ ಮಾತ್ರ. ಅದು ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಚೈನಿಗಂತೂ ಅದರ ಒಂದು ಹನಿಯೂ ತಲುಪುವುದಿಲ್ಲ. ಚೈನಿನ ಎಣ್ಣೆಗೆ ಬೇರೆ ಟ್ಯಾಂಕು, ಬೇರೆ ದಾರಿ. ಇದನ್ನೆಲ್ಲ ಹೇಳುತ್ತಲೇ ಅವನು ಚೈನು ತೊಡಿಸಿ, ಮಷಿನನ್ನು ಹಿತ್ತಲಿಗೆ ಒಯ್ದ. ಮರದ ಕೊರಡಿನ ಮೇಲೆ ಬಿಳಿ ಕಾಗದ ಹಾಸಿ, ಪಟ್ಟಿಯ ತುದಿಯನ್ನು ಅದಕ್ಕೆ ತಾಗದಂತೆ ಗೇಣು ಮೇಲೆ ಹಿಡಿದು ಇಂಜಿನ್ ಓಡಿಸಿದ. ಸರಿಯಿದ್ದ ಮಷಿನಾಗಿದ್ದರೆ ಕಾಗದದ ಮೇಲೆ ಎಣ್ಣೆಯ ಗೆರೆ ಮೂಡಬೇಕಿತ್ತು. ಕಾಗದ ಬೆಳ್ಳಗೇ ಉಳಿಯಿತು.

ಅವನು ಇಂಜಿನ್ ನಿಲ್ಲಿಸಿ, ಅದು ಮತ್ತೆ ಓಡದಂತೆ ಪ್ಲಗ್ಗಿನ ಟೊಪ್ಪಿ ಕಿತ್ತು, ಚೈನ್ ಎಣ್ಣೆಯ ಟ್ಯಾಂಕಿನ ಮುಚ್ಚಳ ಸಡಿಲಿಸಿದ. ಬಹುಕಾಲ ಉಸಿರು ಹಿಡಿದಿದ್ದ ಜೀವವೊಂದು ಕಡೆಗೂ ಉಸಿರೆಳೆದುಕೊಂಡಂತೆ, ಗಾಳಿ ಸುಯ್ಯೆಂದು ಒಳನುಗ್ಗಿತು. ಟ್ಯಾಂಕಿನ ತುಂಬ ಎಣ್ಣೆಯಿತ್ತು. ಅವನು ಟ್ಯಾಂಕಿನ ಪಕ್ಕದ ಚಿಕ್ಕ ತೂತಿಗೆ ಸೂಜಿ ಹಾಕಿ ಕೆದಕಿದ. ನೀಲಿಬಣ್ಣದ ಗಟ್ಟಿ ಚೂರೊಂದು ಅಂಗೈಗೆ ಬಿತ್ತು.

"ಇಲ್ಲಿ ಯಾರಪ್ಪ ಬಟ್ಟೆ ಒಗೆದೋರು?" ಎಂದ ಮಾಮ. "ಇದು ಸೋಪು."

"ಇನ್ಯಾರು, ಅವನೇ," ಎಂದು ಅಣ್ಣ ಒಳಕೋಣೆಯ ಕಡೆ ಗದ್ದ ತೋರಿಸಿದ. "ಮಾಡೋದೆಲ್ಲ ಅಡ್ಡಾದಿಡ್ಡಿ."

ಅತ್ತಿಗೆ ಆ ನೀಲಿಯನ್ನು ಆಗಲೇ ಗುರುತಿಸಿದ್ದಳು. ಸುಮ್ಮನಿರಬೇಕೆಂದರೆ ಸುಮ್ಮನಿರಬಹುದಿತ್ತು. ತಮ್ಮ ಇನ್ನೊಂದು ಗಳಿಗೆಗೆ ಹೊರಡುವವನು. ತಪ್ಪನ್ನು ಬಟ್ಟೆಯ ಗಂಟಿನ ಜೊತೆ ಅವನೇ ಹೊತ್ತುಕೊಂಡು ಹೋಗುತ್ತಿದ್ದ.

"ಅವನಲ್ಲ. ನಾನು," ಎಂದಳು. "ನೆಲಕ್ಕೆ ಎಣ್ಣೆ ಸೋರ್ತಿತ್ತು. ಡಬ್ಬ ಸೋರಿದ್ರೆ ಸೋಪು ಮೆತ್ತಲ್ವಾ, ಹಾಗೇ ಮೆತ್ತಿದೆ."

ಮಾಮ ಗದರಲಿಲ್ಲ. "ತಂಗೀ, ಎಣ್ಣೆ ಡಬ್ಬಕ್ಕೆ ಯಾಕೆ ಎರಡು ತೂತು ಹೊಡೀತೀಯ?"

"ಒಂದರಲ್ಲಿ ಎಣ್ಣೆ ಬರೋಕೆ. ಇನ್ನೊಂದರಲ್ಲಿ ಗಾಳಿ..." ಎನ್ನುತ್ತ ಅವಳು ಮಾಮನ ಅಂಗೈಯ ನೀಲಿ ಚೂರನ್ನು ನೋಡಿದಳು.

ಗಾಳಿ ಒಳಹೋಗದೆ ಎಣ್ಣೆ ಹೊರಬರುವುದಿಲ್ಲ. ಎಣ್ಣೆಯಿಲ್ಲದ ಚೈನು ಕಾದು, ಹಿಗ್ಗಿ, ಸವೆದು, ಒಂದು ದಿನ ಹರಿಯುತ್ತದೆ. ಮಾಮ ಪಟ್ಟಿಯನ್ನು ಬಿಚ್ಚಿ, ಚೈನು ಓಡುವ ಅದರ ಸಂದಿಯಲ್ಲೂ ಎಣ್ಣೆಯ ಕಿಂಡಿಯಲ್ಲೂ ಕೂತಿದ್ದ ಮರದ ಹುಡಿಯನ್ನು ತಂತಿಯಿಂದ ಕೆದಕಿ ತೆಗೆದ. ಮೊದಲಿನ ಪೆಟ್ರೋಲು ಬಸಿದು, ಹೊಸದನ್ನು ಅಳತೆಯಂತೆ ಬೆರೆಸಿದ. ಎಲ್ಲ ಜೋಡಿಸಿ ಮತ್ತೆ ಓಡಿಸಿದಾಗ ಕಾಗದದ ಮೇಲೆ ಸಣ್ಣ ಕಪ್ಪು ಗೆರೆಯೊಂದು ಮೂಡಿತು. ಅಣ್ಣ ಆ ಗೆರೆಯನ್ನೇ ನೋಡುತ್ತ ಕೂತುಬಿಟ್ಟ. ದುಪ್ಪಟ್ಟು ಆಯಿಲ್ ಸುರಿದ ಮೇಲೂ ಪಟ್ಟಿಯಿಂದ ಹೊಗೆ ಬರುತ್ತಿದೆಯೆಂದು ತಮ್ಮ ಹೇಳಿದಾಗ, ಕೆಲಸಗಳ್ಳನ ನೆವವೆಂದು ಬೈದವನು ಅವನೇ.

ಮರ ಕೊಯ್ಯುವ ಮಷಿನಿರುವ ಮನೆಯವರೇ, ನಿಮ್ಮಲ್ಲಿ ಇಷ್ಟೇ ಬೇಡಿಕೆ. ಹಳೆಯ ಮಷಿನು ಇಟ್ಟಲ್ಲಿ ಕೊಂಚ ಸೋರಿದರೆ ಬೇಸರಪಡಬೇಡಿ. ಕೆಲಸ ಮುಗಿದ ಮೇಲೆ ಚೈನ್ ಎಣ್ಣೆಯನ್ನು ಡಬ್ಬಕ್ಕೆ ಬಸಿದಿಡಿ, ಕೆಳಗೊಂದು ತಟ್ಟೆ ಇಡಿ. ಬಹಳ ಸೋರಿದರೆ ರಿಪೇರಿಯವರಿಗೆ ತೋರಿಸಿ. ಆದರೆ ಅದರ ಯಾವ ತೂತನ್ನೂ ನೀವಾಗಿ ಮುಚ್ಚಬೇಡಿ. ಪೆಟ್ರೋಲಿನ ಎಣ್ಣೆಯನ್ನು ಕಣ್ಣಳತೆಗೆ ಬಿಡಬೇಡಿ. ಗಾಡಿಗಳಿಂದ ಬಸಿದ ಹಳೆಯ ಕರಿ ಎಣ್ಣೆಯನ್ನು ಚೈನಿಗೆ ಹಾಕಬೇಡಿ. ದಿನವೂ ಕೆಲಸಕ್ಕೆ ಮೊದಲು ಕಾಗದದ ಮೇಲೆ ಗೆರೆ ಮೂಡುವುದನ್ನು ನೋಡಿ. ಮೂಡದಿದ್ದರೆ ಅಂದು ಮರ ಮುಟ್ಟಬೇಡಿ. ಚೈನಿಗೆ ಕೈ ಹಾಕುವ ಮುನ್ನ ಇಂಜಿನ್ ನಿಲ್ಲಿಸಿ, ಪ್ಲಗ್ಗಿನ ಟೊಪ್ಪಿ ಕೀಳಿ. ಜೊತೆಗಾರ ಹೊಗೆ ಬರುತ್ತಿದೆ ಎಂದರೆ, ಅವನನ್ನು ಬೈಯುವ ಮೊದಲು ಮಷಿನು ನಿಲ್ಲಿಸಿ. ರಿಪೇರಿಯಾಗುವುದು ಮಷಿನು ಮಾತ್ರ.

ಅತ್ತಿಗೆ ಒಳಕೋಣೆಗೆ ಹೋದಾಗ ತಮ್ಮ ಗಂಟು ಬಿಗಿದು ಕೂತಿದ್ದ. ಹಿತ್ತಲಿನ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು. ಆದರೂ ಅವಳು ಎದುರು ನಿಂತು ಇನ್ನೊಮ್ಮೆ ಹೇಳಿದಳು.

"ಹಾಗಾದ್ರೆ ನಾನು ಒತ್ತಿದ್ದಕ್ಕಲ್ಲ," ಎಂದ ಅವನು, ತನ್ನ ಕೈಗಳನ್ನೇ ನೋಡಿಕೊಳ್ಳುತ್ತ.

"ಅಲ್ಲಪ್ಪ."

ಅಣ್ಣ ಬಾಗಿಲ ಬಳಿ ಬಂದು ನಿಂತಿದ್ದ. ಎಷ್ಟೋ ಕಾಲದ ಮೇಲೆ ಅವನು ನೇರವಾಗಿ ತಮ್ಮನೊಡನೆ ಮಾತಾಡಿದ. "ಹೋಗಬೇಡ ಕಣೋ. ನಿನ್ನ ಮಾತು ಕೇಳಬೇಕಿತ್ತು ನಾನು."

ತಮ್ಮ ಕೋಲೂರಿ ಎದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಅತ್ತಿಗೆಗೆ ಅದೇ ಹಗುರವಾಗುತ್ತಿತ್ತು. ಈ ಕಾಲಲ್ಲಿ ಉರುಳಿದ ಮರ ಹತ್ತುವುದು ಇನ್ನಾಗದೆಂದು ಮೆಲ್ಲಗೆ ಹೇಳಿದ. ಅವಳು ಗಂಟನ್ನು ಅವನ ಹೆಗಲಿಗೇರಿಸಿದಳು.

"ನಾಳೆ ಒಬ್ಬನೇ ಹೋಗಬೇಡ ಅಣ್ಣ," ಎಂದ ಹೊಸ್ತಿಲ ಬಳಿ ನಿಂತು. "ಯಾರನ್ನಾದ್ರೂ ಕರ್ಕೊಂಡು ಹೋಗು. ಅವರು ಹೇಳಿದ್ದನ್ನ ಕೇಳು."

ಅಣ್ಣ ತಲೆಯಾಡಿಸಿದ. ತಮ್ಮ ಮಡಚದ ಕಾಲನ್ನು ಹೊಸ್ತಿಲಿನಾಚೆಗೆ ಬೀಸಿ ಇಟ್ಟು, ಇನ್ನೊಂದನ್ನು ಎಳೆದುಕೊಂಡು, ಹಿಂದೆ ತಿರುಗದೆ ಬಾಗಿಲು ಮುಚ್ಚಿದ.