ನೀಲಿ ತುದಿಯ ಸೌದೆ

ಇಷ್ಟು ದಪ್ಪದ ಕೊರಡು ಇಷ್ಟು ಹಗುರ ಇರಬಾರದಲ್ಲ, ಎಂದುಕೊಳ್ಳುವಷ್ಟರಲ್ಲಿ ಅದು ಹಿಲ್ಯಾಳ ಕೈಯಲ್ಲಿ ಹೊರಳಿ, ಬರ್ಚ್ ಮರದ ಬಿಳಿ ತೊಗಟೆ ಜಾರಿ, ಒಳಗಿನ ಪೊಳ್ಳು ಕಂಡಿತು — ಗೊದ್ದಗಳು, ಮರ ಕೊರೆಯುವ ಕರಿ ಇರುವೆಗಳು, ಒಂದರ ಮೇಲೊಂದು, ಕಾಲು ಮಡಚಿಕೊಂಡು, ಚಳಿಗೆ ಮರಗಟ್ಟಿ, ನಡುವೆ ದಪ್ಪನೆಯ ರಾಣಿ, ಊದಿದರೂ ಒಂದೂ ಅಲುಗದು. ಸತ್ತಿಲ್ಲ ಅವು, ಗೊದ್ದ ಚಳಿಗೆ ಸಾಯಲ್ಲ ಕಾಯ್ತದೆ ಅಷ್ಟೆ ಅನ್ನುತ್ತಿದ್ದ ಅಪ್ಪ, ಬೆಚ್ಚಗಾದ ದಿನ ಎದ್ದು ಮೊದಲು ಒದ್ದೆ ತೊಲೆ ಹುಡುಕ್ತದೆ, ಅದಕ್ಕೇ ಸರೋವರದ ಮಂಜುಗಡ್ಡೆ ಒಡೆದ ಮೇಲೆ ಒಂದು ಕಡ್ಡಿ ಸೌದೆಯೂ ಮನೆಯೊಳಗೆ ಬರಕೂಡದು, ಉಳಿದದ್ದೆಲ್ಲ ಸೌನಾದ ಒಲೆಗೆ, ಶನಿವಾರ ಮೈ ಬೆವರಿಸಿಕೊಂಡು ಉರಿಸಿ ಮುಗಿಸಿ — ಮಂಜುಗಡ್ಡೆ ಒಡೆದು ಆರು ದಿನ ಆಯಿತು, ತಮ್ಮ ತೌನೋಗೂ ಅಪ್ಪನ ಮಾತು ಗೊತ್ತು, ಗೊತ್ತಿದ್ದರೇನು, ಅವನ ಹೆಂಡತಿ ಡೋರೀನ್‌ಗೆ ಈ ಸೌದೆ ಕೊಟ್ಟಿಗೆ ಕೆಡವಿ ಟ್ರೈಲರ್ ನಿಲ್ಲಿಸಬೇಕಾಗಿದೆ, ಕೆಡವುವವರು ನಾಳಿದ್ದು ಬರುತ್ತಾರೆ, ಸೌದೆಯೆಲ್ಲ ನೆಲಮಾಳಿಗೆಗೆ ಹೋಗಲಿ ಎಂದಳು, ಹಿಲ್ಯಾ ಸುಮ್ಮನೇ ಕೂತಿರ್ತಾಳಲ್ಲ, ಸಾಗಿಸ್ಲಿ. ಹಿಲ್ಯಾ ಗೊದ್ದದ ಕೊರಡನ್ನು ಕೊಟ್ಟಿಗೆಯ ಹಿಂದಿನ ಕೊಳಕು ಹಿಮದ ಮೇಲೆ ಎಸೆದು, ಬೇರೆ ನಾಲ್ಕು ಸೀಳು ತೋಳಿಗೇರಿಸಿಕೊಂಡು ಹೊರಟಳು. ಅರವತ್ತೇಳು ವರ್ಷದ ತೋಳು.

ನೆಲಮಾಳಿಗೆಗೆ ಹನ್ನೊಂದು ಮೆಟ್ಟಿಲು, ಕೆಳಗೆ ಒಲೆ, ಈಗ ತಣ್ಣಗಿದೆ, ಇಡೀ ಚಳಿಗಾಲ ಇದರ ಹತ್ತಿರ ಸುಳಿಯಲು ಬಿಡಲಿಲ್ಲ ಡೋರೀನ್, ಹಿಲ್ಯಾ ನೀನು ಬೆಂಕಿ ಮುಟ್ಟಬೇಡ ಮಾರಾಯ್ತಿ, ಒಂದು ಮನೆ ಸುಟ್ಟದ್ದು ಸಾಲ್ದಾ, ಅಂತ ಕಾಫಿ ಬಗ್ಗಿಸುತ್ತ ನಕ್ಕಳು, ಬಂದವರೂ ನಕ್ಕರು, ಹಿಲ್ಯಾಳೂ ನಕ್ಕು ಏಲಕ್ಕಿ ಬ್ರೆಡ್ಡಿನ ತಟ್ಟೆ ಮುಂದಕ್ಕೆ ದಾಟಿಸಿದಳು. ತೌನೋ ಸೌದೆ ಹಾಕುತ್ತಿದ್ದ, ಮಾರ್ಚ್‌ನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವವರೆಗೆ, ಅವಳು ಮೇಲೆ ನೆಲದ ಜಾಲರಿಗೆ ಅಂಗಾಲು ಒಡ್ಡಿ ಕೂರುತ್ತಿದ್ದಳು, ಕೆಳಗಿನ ಒಲೆಯ ಬಿಸಿ ಗಾಳಿ ಲಂಗದೊಳಗೆ ಬರುತ್ತಿತ್ತು, ಎಷ್ಟು ಚೆನ್ನಾಗಿ ಉರಿಯುತ್ತೆ ನಿಮ್ಮ ಸೌದೆ ಅಂದಿದ್ದಳು, ಎರಡು ಸಲ ಅಂದಿದ್ದಳು. ಅವಳ ಸ್ವಂತ ಮನೆಯ ಒಲೆಯಲ್ಲಿ ಹಾಗೆ ಉರಿದಿರಲಿಲ್ಲ — ಚುಂಯ್ ಎನ್ನುತ್ತಿತ್ತು, ಕೊರಡಿನ ತುದಿಯಲ್ಲಿ ಬಿಳಿ ನೊರೆ, ಗುಳ್ಳೆ ಒಡೆದು ಇನ್ನೊಂದು ಗುಳ್ಳೆ, ಹೊಗೆ ಮೇಲೇರದೆ ಚಿಮಣಿಗೆ ಮಸಿ ಅಂಟಿ ಅಂಟಿ ಟಾರಿನಂತೆ ಕಟ್ಟಿ, ಹೋದ ವರ್ಷ ಜನವರಿಯ ಆ ಬೆಳಿಗ್ಗೆ ಚಿಮಣಿಯೊಳಗೆ ರೈಲು ಬಂದಂತಹ ಸದ್ದು, ಅವಳು ಕೋಟು ಹಾಕಿಕೊಳ್ಳುವಷ್ಟರಲ್ಲಿ ಸೂರು ಹೊತ್ತಿಕೊಂಡಿತ್ತು, ಗಂಡ ಐನಾರ್ ನಾಲ್ಕು ಬೇಸಿಗೆ ಕಷ್ಟಪಟ್ಟು ಕಟ್ಟಿದ ಮನೆ, ಐನಾರ್ ತೀರಿಹೋಗಿ ಆಗಿನ್ನೂ ಆರೇ ತಿಂಗಳು, ಅವನ ಮೀನು ಹಿಡಿಯುವ ಬೂಟು ಬಾಗಿಲ ಬಳಿ ಇದ್ದಂತೆಯೇ ಇತ್ತು. ಆಮೇಲೆ ಚರ್ಚಿನಲ್ಲಿ, ಪ್ರಾರ್ಥನೆ ಮುಗಿದ ಮೇಲಿನ ಕಾಫಿಯಲ್ಲಿ, ತೌನೋ ತಲೆ ತಗ್ಗಿಸಿ ಎಲ್ಲರಿಗೂ ಹೇಳಿದ, ಚಿಮಣಿ ಗುಡಿಸು ಗುಡಿಸು ಅಂತ ಬಡ್ಕೊಂಡೆ, ಕೇಳ್ಲಿಲ್ಲ ಪಾಪ, ಮನಸ್ಸು ಸರಿ ಇರ್ಲಿಲ್ಲ. ಅವನು ಒಂದು ದಿನವೂ ಹೇಳಿರಲಿಲ್ಲ. ಹೆಂಗಸರು ಬಂದು ಅವಳ ಮುಂಗೈ ಸವರಿದರು, ಅವಳು ಸವರಿಸಿಕೊಂಡಳು.

ಹದಿನಾಲ್ಕನೇ ಸಲವೋ ಹದಿನೈದನೆಯದೋ, ಕೊಟ್ಟಿಗೆಯ ಹಿಂಗೋಡೆಗೆ ಒತ್ತಿದ ಕೊನೆಯ ಸಾಲು, ಮುಂದಿನದನ್ನೆಲ್ಲ ತೆಗೆದ ಮೇಲೆ ಈಗ ಬೆಳಕು ಬಿತ್ತು, ನೀಲಿ. ಮೊದಲು ಪ್ಲಾಸ್ಟಿಕ್ ಹಾಳೆ ಎಂದುಕೊಂಡಳು, ಕೈಗವಸು ತೆಗೆದು ಬೆರಳಲ್ಲಿ ಉಜ್ಜಿದಳು, ಬಣ್ಣ, ದೋಣಿಯ ಬಣ್ಣ, ಒಂದೊಂದು ಕೊರಡಿನ ತುದಿಗೂ ಒಂದೊಂದು ಕುಂಚದ ಗೀಟು, ಮೂವತ್ತೋ ನಲವತ್ತೋ ಕೊರಡು. ಐನಾರ್ ಗೀಟು ಹಾಕುತ್ತ ಕೂತಿದ್ದ, ಬಕೆಟ್ ಬೋರಲು ಹಾಕಿ ಅದರ ಮೇಲೆ, ಎರಡು ವರ್ಷದ ಹಿಂದಿನ ವಸಂತ, ತೌನೋನ ಬಯಲಿಗೆ ಸರೋವರದ ಗಾಳಿ ಚೆನ್ನಾಗಿ ಬೀಳ್ತದೆ, ಅಲ್ಲೇ ಒಣಗ್ಲಿ ನಮ್ಮ ಮೇಪಲ್ ಸೌದೆ, ಅವನದಕ್ಕೆ ಕಲೆಸಿಹೋಗಬಾರದು ನೋಡು, ಅಂತ ದೋಣಿಗೆ ಬಳಿದು ಉಳಿದ ನೀಲಿ ಬಳಿದ. ಒಣಗಿತು, ಒಣಗುವಷ್ಟರಲ್ಲಿ ಅವನಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ತೌನೋ, ನಿನ್ನ ಸೌದೆ ಅಂತ, ಟ್ರ್ಯಾಕ್ಟರಿನಲ್ಲಿ ಮೂರು ಸಲ ಹೇರಿ ತಂದು ಅವಳ ಜಗಲಿಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿದ, ತುದಿಯಲ್ಲಿ ನೀಲಿ ಇಲ್ಲವಲ್ಲ ಎಂದು ಕೇಳಿದ್ದಳು ಅವಳು, ಕೇಳಿದ್ದಳು, ನಿನ್ನ ಒಲೆ ಗಿಡ್ಡ ಅಲ್ವಾ ಹಿಲ್ಯಾ, ಎರಡು ಇಂಚು ಕತ್ತರಿಸಿ ತಂದೆ, ನೀಲಿ ಅಲ್ಲೇ ಹೋಯ್ತು ಅಂದ, ಅವಳು ಅವನಿಗೆ ಮೀನಿನ ಸಾರು ಬಡಿಸಿದಳು, ಎರಡನೇ ಸಲ ಕೇಳಿ ಬಡಿಸಿದಳು. ಹಸಿಮರ ಕಡಿದು ತಂದು ಹಾಕಿದ್ದ. ಒಣಗಿದ್ದು, ನೀಲಿಯದು, ಇಲ್ಲಿತ್ತು. ಇಡೀ ಚಳಿಗಾಲ ಆ ಜಾಲರಿಯಲ್ಲಿ ಬಂದದ್ದು ಐನಾರ್‌ನ ಸೌದೆಯ ಬಿಸಿ, ಅದನ್ನು ಕಳ್ಳನ ಮನೆಯಲ್ಲಿ ಕೂತು ಅವಳು ಹೊಗಳಿದಳು, ಅಂಗಾಲು ಕಾಯಿಸಿಕೊಳ್ಳುತ್ತ, ತನ್ನನ್ನು ಮನೆಯಲ್ಲಿ ಇಟ್ಟುಕೊಂಡದ್ದಕ್ಕೆ ದಿನಾ ಬೆಳಿಗ್ಗೆ ಥ್ಯಾಂಕ್ಸ್ ಹೇಳುತ್ತ. ಅವನು ಹಾಳಾಗಲಿ, ಅವನ ಮನೆ ಹಾಳಾಗಲಿ, ಅವಳು ಬಾಯಿಬಿಟ್ಟೇ ಹೇಳಿದಳು, ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಹಿಂದಕ್ಕೆ ಹೋಗಿ, ಹಿಮದ ಮೇಲಿನ ಬರ್ಚ್ ಕೊರಡನ್ನು ಎತ್ತಿಕೊಂಡಳು, ಪೊಳ್ಳು ಮೇಲಾಗಿ, ಒಂದೂ ಬೀಳದಂತೆ, ಅದರ ಪಕ್ಕ ನೀಲಿಯದೊಂದು.

ತೌನೋ ಅಡುಗೆಮನೆಯಿಂದ ವಾಕರ್ ಕುಟ್ಟಿಕೊಂಡು ಮೆಟ್ಟಿಲ ತಲೆಗೆ ಬಂದು ನಿಂತಿದ್ದ, ಅವಳು ಆಗಲೇ ಕೆಳಗೆ, ಇನ್ನೂ ಎಷ್ಟು ಉಳೀತು ಎಂದು ಕೇಳಿದ, ಅವಳು ನೀಲಿ ತುದಿಯನ್ನು ಅವನ ಕಡೆ ತಿರುಗಿಸಿ ಹಿಡಿದಳು. ಇದು ಯಾರ ಸೌದೆ ತೌನೋ. ಅವನು ಕನ್ನಡಕ ಹಣೆಗೇರಿಸಿ ನೋಡಿದ, ಇಳಿಸಿ ನೋಡಿದ, ಮೂಗು ಉಜ್ಜಿಕೊಂಡ, ಚಿಕ್ಕವನಿದ್ದಾಗ ಸಿಕ್ಕಿಬಿದ್ದರೆ ಹೀಗೇ ಮೂಗು ಉಜ್ಜುತ್ತಿದ್ದ, ಅವಳೇ ಎಷ್ಟು ಸಲ ಅಪ್ಪನ ಬೆಲ್ಟಿನ ಮುಂದೆ ನಿಂತು ಬಿಡಿಸಿದ್ದಳು. ಆ ವರ್ಷ ನಂದು ಒಣಗಿರ್ಲಿಲ್ಲ, ಅಂದ. ಡೋರೀನ್‌ಗೆ ಹೊಗೆ ಆಗಲ್ಲ, ಎದೆ ಕಟ್ತದೆ. ನೀನು ಒಬ್ಬಳು, ಸಣ್ಣ ಒಲೆ, ಹೇಗೋ ಆಗ್ತದೆ ಅಂದ್ಕೊಂಡೆ. ಅವಳು ನೀಲಿ ತುದಿಯನ್ನು ಹಾಗೇ ಅವನತ್ತ ಹಿಡಿದೇ ಇದ್ದಳು. ಅವನ ದನಿ ಏರಿತು, ನನ್ನೊಬ್ಬನ್ನೇ ಹಾಗೆ ನೋಡ್ಬೇಡ ಹಿಲ್ಯಾ, ನೀನು ಅಪ್ಪನ ಮಗಳು, ಸೌದೆ ಹೊತ್ತೇ ಬೆಳೆದವಳು, ನಿನಗೆ ಗೊತ್ತಾಗ್ಲಿಲ್ವಾ, ನೊರೆ ಕಾಣಿಸ್ಲಿಲ್ವಾ ನಿನಗೆ? ಡೋರೀನ್ ಒಳಗಿಂದ ಏನೋ ಕೇಳಿದಳು, ಏನಿಲ್ಲ ಅಂದ, ವಾಕರ್ ಕುಟ್ಟುತ್ತ ಹೋದ.

ಉತ್ತರದ ಗೋಡೆ, ಕಿಟಕಿಯ ಕೆಳಗೆ, ಹಿಮ ಕರಗಿದಾಗೆಲ್ಲ ನೀರು ಜಿನುಗಿ ತೊಲೆ ಮೆತ್ತಗಾಗಿದೆ, ತೌನೋ ಅದರ ಮೇಲೆ ಬಣ್ಣ ಬಳಿದು ಮುಚ್ಚಿದ್ದಾನೆ, ಹೆಬ್ಬೆರಳು ಒತ್ತಿದರೆ ಒಳಹೋಗುತ್ತದೆ — ಇಲ್ಲಿ, ಗೊದ್ದದ ಕೊರಡಿನ ಪೊಳ್ಳು ತೊಲೆಗೆ ತಾಗುವಂತೆ, ಹಾಗೆ, ಇನ್ನು ಅದರ ಮುಂದೆ ಐನಾರ್‌ನ ಮೇಪಲ್, ಕೊಟ್ಟಿಗೆಗೆ ಹೋಗಿ ಬಂದು ಹೋಗಿ ಬಂದು, ಒಂದೊಂದಾಗಿ, ನೀಲಿ ತುದಿ ಹೊರಗಾಗಿ, ಎದೆ ಎತ್ತರಕ್ಕೆ ಸಾಲು ಕಟ್ಟಿದಳು, ನೋಡಲಿ, ಮುಂದಿನ ಚಳಿಗೆ ಒಲೆ ಹಚ್ಚಲು ಇಳಿದಾಗಲೆಲ್ಲ ನೋಡಲಿ, ಹಿಂದೆ ಏನಿದೆ ಎಂದು ನೋಡಲು ಆ ಸೊಂಟ ಬಗ್ಗದು. ಜೂನ್‌ನಲ್ಲಿ ಅವಳಿಗೆ ಊರಿನ ವೃದ್ಧರ ವಸತಿಯಲ್ಲಿ ಕೋಣೆ ಸಿಗುತ್ತದೆ, ಗೊದ್ದಗಳು ಅಷ್ಟರಲ್ಲಿ ಎದ್ದಿರುತ್ತವೆ, ಮೂರು ವರ್ಷ, ನಾಲ್ಕು, ಒಂದು ಬೆಳಿಗ್ಗೆ ಡೋರೀನ್ ಕಾಫಿ ಬಗ್ಗಿಸುವಾಗ ನೆಲ ಕುಸಿಯಬೇಕು, ಜಾಲರಿ ವಾಲಬೇಕು, ತೊಲೆ ಮುಟ್ಟಿದರೆ ಹಿಟ್ಟಿನಂತೆ ಉದುರಬೇಕು, ಚರ್ಚಿನ ಕಾಫಿಯಲ್ಲಿ ಅವಳು ತಲೆ ತಗ್ಗಿಸಿ ಹೇಳಬೇಕು, ಹೇಳಿದ್ದೆ, ಅಪ್ಪನೂ ಹೇಳಿದ್ದ, ಕೇಳ್ಲಿಲ್ಲ ಪಾಪ — ಅವಳು ಸೌದೆ ಸೀಳುವ ದಿಮ್ಮಿಯ ಮೇಲೆ ಕೂತು ಅದನ್ನು ಮನಸ್ಸು ತುಂಬ ನೋಡಬೇಕೆಂದುಕೊಂಡಳು, ಡೋರೀನ್‌ಳ ಮುಖ, ತೌನೋನ ಮುಖ, ಕಾಣದು, ತೊಲೆಯೂ ಕಾಣದು, ಕಾಣುವುದು ಅವಳದೇ ಒಲೆ, ಬಾಗಿಲು ತೆರೆದಿದೆ, ಕೊರಡಿನ ತುದಿಯಲ್ಲಿ ಬಿಳಿ ನೊರೆ, ಇದು ಹಸಿ ಸೌದೆ, ಅವಳಿಗೆ ಗೊತ್ತಾಗಿದೆ, ಮೊದಲ ದಿನವೇ ಗೊತ್ತಾಗಿದೆ, ಇಲ್ಲಿ ಆರು ವರ್ಷದ ಮಕ್ಕಳಿಗೂ ಗೊತ್ತಾಗುತ್ತದೆ, ಆದರೆ ತಮ್ಮ ತಂದದ್ದು, ಬಾಯಿಬಿಟ್ಟರೆ ತಮ್ಮ ಸುಳ್ಳ ಎಂದಾಗುತ್ತದೆ, ಗಂಡ ಹೋದವಳಿಗೆ ಇನ್ನು ಉಳಿದವನು ಅವನೊಬ್ಬ, ಉರಿಯುತ್ತೆ ಬಿಡು, ಬಾಗಿಲ ಹಿಡಿಯ ಮೇಲೆ ಅವಳ ಕೈ, ನೊರೆ, ಗುಳ್ಳೆ ಒಡೆದು ಇನ್ನೊಂದು ಗುಳ್ಳೆ, ಅವಳು ನೋಡುತ್ತಿದ್ದಾಳೆ, ಬಾಗಿಲು ಮುಚ್ಚುತ್ತಿದ್ದಾಳೆ, ನೊರೆ —