ಕಲ್ಲಿನ ಮೇಲಿನ ಇಸವಿ

ವೀರಭದ್ರಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಲಿಂಗಸುಗೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಆ ವರ್ಷ ನನ್ನ ಸಿಟ್ಟಿಗೆ ಕಾರಣವಿತ್ತು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನ್ನ ಗಂಡ ಕರಿಬಸಯ್ಯ ಹೈದರಾಬಾದಿನ ಹಳೇ ಪುಸ್ತಕದಂಗಡಿಯಿಂದ ಒಂದು ನಿಘಂಟು ತಂದರು. ಒಂದೆಂದರೆ ಒಂದಲ್ಲ, ಜೋಳದ ಚೀಲ ಇಡುವ ಮೂಲೆ ಪೂರ್ತಿ ತುಂಬುವಷ್ಟು ಸಂಪುಟಗಳು.

"ಹೊಟ್ಟಿಗಿ ಹಿಟ್ಟಿಲ್ಲದಿದ್ರೂ ಜುಟ್ಟಿಗಿ ಮಲ್ಲಿಗಿ ಹೂವು," ಎಂದೆ. "ಅರ್ಥ ನೋಡಾಕ ಸಣ್ಣದೊಂದು ಸಾಕಾಗಿತ್ತಲ್ರಿ."

"ಇದು ಬರೇ ಅರ್ಥದ್ದಲ್ಲ. ಒಂದೊಂದು ಮಾತು ಯಾವ ಇಸವಿಯಾಗ ಹುಟ್ಟಿತು, ಮೊದಲು ಎಲ್ಲಿ ಅಚ್ಚಾತು, ಎಲ್ಲಾ ಅದ. ಮಾತಿನ ಜಾತಕ ಇದು."

"ಯಾಕ, ಲಗ್ನ ಮಾಡಾವ್ರಿದ್ದೀರೇನು ಅದಕ್ಕ?"

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಅದೇ ಬೇಸಿಗೆ ನಮ್ಮ ಓಣಿಯ ಬಾವಿಗೆ ಮುಳ್ಳು ಬಿತ್ತು. ಇಂಗ್ಲಿಷ್ ಸಾಹೇಬರ ಪಲ್ಟನ್ ಊರಲ್ಲಿದ್ದ ಕಾಲದ ಬಾವಿ ಅದು. ಇಡೀ ಓಣಿಗೆ ಕುಡಿಯುವ ನೀರೆಂದರೆ ಅದೊಂದೇ. ಪಕ್ಕದ ಹೊಲ ಕೊಂಡ ಅಮರಗುಂಡಪ್ಪ, ಬಾವಿಯೂ ತನ್ನದೇ ಎಂದು ಸುತ್ತ ಜಾಲಿಮುಳ್ಳು ಹಾಕಿಸಿದ. ಸಾಕ್ಷಿಗೆ ಬಾವಿಯ ಮಗ್ಗುಲಲ್ಲಿ ಒಂದು ಕಲ್ಲು ಅಗೆದು ತೆಗೆದ. ಅದರ ಮೇಲೆ ಇಂಗ್ಲಿಷ್ ಅಕ್ಷರ. ನಾನೂ ಪಕ್ಕದ ಮನೆಯ ದಾವಲ್‌ಬೀಯೂ ದೂರದ ಹಳ್ಳದಲ್ಲಿ ಒರತೆ ತೋಡಿ ನೀರು ಹೊತ್ತೆವು. ಅವಳು ದಿನ ತುಂಬಿದ ಬಸುರಿ. ದಿಬ್ಬ ಹತ್ತುವಾಗ ಕೊಡ ಇಳಿಸಿ ಕೂತುಬಿಡುತ್ತಿದ್ದಳು. ಆಗ ಅವಳ ಕೊಡವನ್ನೂ ನಾನೇ ಹೊತ್ತು ಹತ್ತುತ್ತಿದ್ದೆ.

ನಾಳೆ ತಹಸೀಲ್ದಾರರು ಬಂದು ಫೈಸಲಾ ಮಾಡುತ್ತಾರೆಂದು ಸುದ್ದಿ ಬಂತು. ನನ್ನ ಗಂಡ ಹೋಗಿ ಕಲ್ಲು ಓದಿ ಬಂದು, ಮುಖ ಸಣ್ಣ ಮಾಡಿಕೊಂಡು ಹೇಳಿದರು.

"ಪಲ್ಟನಿನ ಸಾಹೇಬ ಹದಿನೆಂಟನೂರಾ ಐವತ್ತೆಂಟರಾಗ ಈ ಬಾವಿ ಅಮರಗುಂಡಪ್ಪನ ಮುತ್ತಜ್ಜಗ ಕೊಟ್ಟಾನಂತ. ಅವನನ್ನ ಕೇಳಲಾರದ ನೀರು ಸೇದಿದವರನ್ನ ಊರು ಬಾಯ್ಕಾಟ್ ಮಾಡಬೇಕು ಅಂತ ಬರದದ."

"ಬಾಯ್ಕಾಟ್? ನಮ್ಮಪ್ಪಗೋಳು ಪರದೇಶಿ ಅರಿವಿ ಬಿಟ್ಟಾಗ ಆ ಮಾತು ಕೇಳಿದ್ದೆ. ಅಷ್ಟು ಹಿಂದಿನ ಸಾಹೇಬ್ರಿಗೂ ಅದು ಗೊತ್ತಿತ್ತೇನು? ನಿಮ್ಮ ಜಾತಕ ತಗದು ನೋಡ್ರಿ ಮತ್ತ."

ಹಂಗಿಸಲೆಂದೇ ಅಂದದ್ದು. ಅವರು ಮಾತ್ರ ದಿಗ್ಗನೆದ್ದು ಮೂಲೆಗೆ ಹೋದರು. ಒಂದು ಸಂಪುಟ ತೆಗೆದು ಹಾಳೆ ತಿರುವಿದರು. ಒಂದು ಕಡೆ ಬೆರಳಿಟ್ಟು ನಿಂತರು.

"ವೀರಭದ್ರಮ್ಮ, ಆಗ ಈ ಮಾತು ಹುಟ್ಟೇ ಇರಲಿಲ್ಲ. ಬಾಯ್ಕಾಟ್ ಅಂಬೋದು ಒಬ್ಬ ಮನಿಶ್ಯಾನ ಹೆಸರು. ಐರ್ಲೆಂಡಿನಾಗ ಜಮೀನ್ದಾರನ ಕಾರಭಾರಿ ಇದ್ದ. ರೈತರು ಸಿಟ್ಟಾಗಿ ಅವನ ಕೂಡ ಎಲ್ಲಾ ವ್ಯವಹಾರ ಬಿಟ್ಟರು. ಅದು ಆದದ್ದು ಹದಿನೆಂಟನೂರಾ ಎಂಬತ್ತರಾಗ. ಅದರ ಹಿಂದ ಯಾರೂ ಈ ಮಾತು ಆಡಿಲ್ಲ."

ಆ ರಾತ್ರಿ ನನಗೆ ನಿದ್ದೆಯೇ ಹತ್ತಲಿಲ್ಲ.

ಮರುದಿನ ತಲೆಯ ಮೇಲೆ ಸಿಂಬಿ ಇಟ್ಟು, ಕೊಡದ ಬದಲು ಆ ಸಂಪುಟ ಹೊತ್ತು ಬಾವಿಗೆ ನಡೆದೆ. ಓಣಿಗೆ ಓಣಿಯೇ ಹಿಂದೆ ಬಂತು. ತಹಸೀಲ್ದಾರರು ಕನ್ನಡಕ ಹಾಕಿಕೊಂಡು ಆ ಪುಟವನ್ನು ಎರಡು ಸಲ ಓದಿದರು.

"ಅರ್ಥದ ಕೆಳಗ ಆ ಕಾಲದ ಪತ್ರಿಕೆಯೊಳಗಿನ ಸಾಲೇ ಕೊಟ್ಟಾರ, ಇಸವಿ ಸಮೇತ," ಎಂದರು. "ಇದು ಗವಾಹಿ-ಸಾಕ್ಷಿ ಇದ್ದಂಗ ಅದ. ಹುಟ್ಟದ ಮಾತು ಕಲ್ಲಿನ ಮ್ಯಾಲ ಹೆಂಗ ಬಂತು ಅಮರಗುಂಡಪ್ಪ?"

ಅಮರಗುಂಡಪ್ಪನ ಮುಖ ಕೆಂಪಾಯಿತು. ಸೋತು ಗೊತ್ತಿಲ್ಲದ ಮನುಷ್ಯ. ಒಮ್ಮೆಲೇ ಬಾಯಿ ಬಿಟ್ಟ.

"ಇಸವಿ ತಪ್ಪಾಗೈತಿ ಸಾಹೇಬ್ರ. ನಾ ಎಂಬತ್ತೈದು ಅಂತ ಹೇಳಿದ್ದೆ, ಆ ಕಲ್ಲುಕುಟಿಗ ಮಸ್ಕಿ ದಾದೇಸಾಬ ತಿರುವುಮುರುವು ಮಾಡಿ ಐವತ್ತೆಂಟು ಕೆತ್ಯಾನ."

ಅಂದವನೇ ನಾಲಗೆ ಕಚ್ಚಿಕೊಂಡ, ಆದರೆ ಹೊತ್ತು ಮೀರಿತ್ತು. ತಹಸೀಲ್ದಾರರು ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು.

"ದಾದೇಸಾಬ ಮಸ್ಕಿಯಾಗ ಇನ್ನಾ ಕಲ್ಲು ಕೆತ್ತತಾನೇನು?"

ಮುಂದಿನದಕ್ಕೆ ನಾನು ಕಾಯಲಿಲ್ಲ. ಸಂಪುಟವನ್ನು ಗಂಡನ ಕೈಗೆ ಕೊಟ್ಟು, ಜಾಲಿಮುಳ್ಳನ್ನು ಬರಿಗೈಯಿಂದಲೇ ಎಳೆದು ಹಾಕಿದೆ. ಕೈ ತರಚಿ ರಕ್ತ ಬಂತು. ಮೊದಲ ಕೊಡ ಸೇದಿ ದಾವಲ್‌ಬೀಯ ಬೊಗಸೆಗೆ ಸುರಿದೆ. ಅವಳು ಹೊಟ್ಟೆ ತುಂಬ ಕುಡಿದಳು. ಉಳಿದದ್ದನ್ನು ನನ್ನ ತಲೆಯ ಮೇಲೆ ಹೊಯ್ದುಕೊಂಡೆ.

"ಸಾಹೇಬ್ರು ನೋಡಾಕತ್ಯಾರ," ಎಂದರು ನನ್ನ ಗಂಡ.

"ನೋಡ್ಲಿ," ಎಂದು ಕೊಡವನ್ನು ಮತ್ತೆ ಬಾವಿಗಿಳಿಸಿದೆ.